ಕಾನೂನು ಸಮಾನತೆ ಕೊಟ್ಟ ಮೇಲೂ ಸ್ತ್ರೀವಾದ ಏಕೆ ಬೇಕು?

ಕಾಗದದ ಮೇಲಿನ ಹಕ್ಕು ಕೈಗೇಕೆ ಸಿಗುತ್ತಿಲ್ಲ ಎಂದು ಕೇಳುವುದನ್ನೇ ನಾನು ಸ್ತ್ರೀವಾದವೆಂದು ತಿಳಿದಿದ್ದೇನೆ. ಗಂಡಸರ ಮೇಲಿನ ದ್ವೇಷಕ್ಕೂ ಅದಕ್ಕೂ ಸಂಬಂಧವಿಲ್ಲ.

ಆಸ್ತಿಯ ವಿಷಯವನ್ನೇ ನೋಡಿ. ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲೆಂದು ಕರ್ನಾಟಕವು 1994ರಲ್ಲೇ ಕಾನೂನು ಮಾಡಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕೇಂದ್ರವು 2005ರಲ್ಲಿ ತಂದ ತಿದ್ದುಪಡಿಯಲ್ಲಿ ಆ ಷರತ್ತು ಉಳಿಯಲಿಲ್ಲ. ಮಗಳಿಗೆ ಪಾಲು ಸಿಗಲು, ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದೇನೂ ಇಲ್ಲವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಇಷ್ಟಾದರೂ, ಪಂಚಮಿಗೆ ತವರಿಗೆ ಬಂದ ಅಕ್ಕತಂಗಿಯರನ್ನು ಹಬ್ಬ ಮುಗಿದೊಡನೆ ಉಪನೋಂದಣಿ ಕಚೇರಿಗೆ ಕರೆದೊಯ್ದು, ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಇಳಕಲ್ ಸೀರೆ ಕೊಟ್ಟು ಉಡಿ ತುಂಬಿ ಕಳಿಸುವುದನ್ನು ನಮ್ಮ ಹಾವೇರಿ ಸೀಮೆಯಲ್ಲಿ, ನಮ್ಮ ಮನೆತನದಲ್ಲೇ ಕಂಡಿದ್ದೇನೆ. “ಹೊಲಾ ಕೇಳಿದರ ತವರಿನ ಬಾಗಿಲಾ ಮುಚ್ಚತೈತಿ” ಎಂದು ನಮ್ಮ ಸೋದರತ್ತೆ ಅಂದದ್ದು ನೆನಪಿದೆ. ಆ ಹೆಬ್ಬೆಟ್ಟನ್ನು ಸ್ವಇಚ್ಛೆಯದೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಕೂಲಿಯ ಮಾತೂ ಹೀಗೆಯೇ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂತು. ನಮ್ಮ ಮೆಣಸಿನಕಾಯಿ ಹೊಲಗಳಲ್ಲಿ ಮಾತ್ರ ಗಂಡಾಳಿಗೊಂದು, ಹೆಣ್ಣಾಳಿಗೊಂದು ದರ ಇನ್ನೂ ನಡೆದಿದೆ.