ಒಳಗೆ ಬಡಿದು ಹೊರಗೆ ಬಂದ ಚೆಂಡು: ಓದುಗರ ಪ್ರಶ್ನೆ, ವಾರ್ಡನ್ ಮೇಡಂ ಉತ್ತರ

ಪ್ರಶ್ನೆ: ಮೇಡಂ, ನಮ್ಮದು ದಾವಣಗೆರೆಯಲ್ಲಿ ಕೂಡು ಕುಟುಂಬ. ನನ್ನ ಇಬ್ಬರು, ಭಾವನವರ ಇಬ್ಬರು, ಹೀಗೆ ಮನೆಯಲ್ಲಿ ನಾಲ್ವರು ಹುಡುಗರು. ಬೆಂಗಳೂರಿನಲ್ಲಿ ಒಂದು ಆಫೀಸು ಖಾಲಿ ಮಾಡುವಾಗ ನಮ್ಮ ಯಜಮಾನರು ಅಲ್ಲಿದ್ದ ಹಳೇ ಫೂಸ್‌ಬಾಲ್ ಟೇಬಲ್ (ರಾಡಿಗೆ ಸಿಕ್ಕಿಸಿದ ಗೊಂಬೆಗಳಿಂದ ಚೆಂಡು ಹೊಡೆದು ಫುಟ್‌ಬಾಲ್ ಆಡುವ ಮೇಜು) ಕೊಂಡು ತಂದು ಮಹಡಿ ಮೇಲೆ ಹಾಕಿಸಿದರು. ಬೇಸಿಗೆ ರಜೆಯಲ್ಲಿ ಹುಡುಗರು ಅದರಲ್ಲೇ ಲೀಗ್ ಶುರು ಮಾಡಿದರು. ಎಲ್ಲರೂ ಎಲ್ಲರ ಮೇಲೆ ಆಡಬೇಕು, ಮೊದಲ ಇಬ್ಬರಿಗೆ ಪ್ಲೇಆಫ್. ಪ್ಲೇಆಫ್‌ಗೆ ಬಂದವರು ನನ್ನ ಮಕ್ಕಳೇ. ದೊಡ್ಡವನು ಪಿಯುಸಿ, ಚಿಕ್ಕವನು ಏಳನೇ ಕ್ಲಾಸು. ಐದು ಗೇಮಿನ ಪಂದ್ಯ ಎರಡು-ಎರಡು ಆಗಿ, ಕೊನೇ ಗೇಮು ನಾಲ್ಕು-ನಾಲ್ಕಕ್ಕೆ ಬಂತು. ಆಗ ಚಿಕ್ಕವನು ಹೊಡೆದ ಚೆಂಡು ಗೋಲಿನೊಳಗೆ ಹೋಗಿ, ಹಿಂದಿನ ತಗಡಿಗೆ ಟಣ್ ಅಂತ ಬಡಿದು ವಾಪಸ್ ಬಂತು. ಅವನು ಕೈ ಬಿಟ್ಟು ಕುಣಿಯುವಷ್ಟರಲ್ಲಿ ದೊಡ್ಡವನು ಅದೇ ಚೆಂಡನ್ನು ಹೊಡೆದು ಗೋಲು ಮಾಡಿದ. "ಒಳಗೆ ನಿಲ್ಲಲಿಲ್ಲ, ಅದು ಗೋಲಲ್ಲ" ಅಂತಾನೆ ದೊಡ್ಡವನು. "ಒಳಗೆ ಹೋಯ್ತಲ್ಲ" ಅಂತಾನೆ ಚಿಕ್ಕವನು. ಇಬ್ಬರೂ 5-4 ಗೆದ್ದೆ ಅನ್ನುವವರೇ.

ಗೋಡೆಗೆ ಅಂಟಿಸಿದ ಅವರ ರೂಲ್ಸು ಇಷ್ಟೇ: ಮೊದಲು ಐದು ಗೋಲು ಹೊಡೆದವನು ಗೆದ್ದ. ರಾಡು ಗಿರಗಿರ ಸುತ್ತೋ ಹಾಗಿಲ್ಲ. ಗೋಲು ತಿಂದವನು ಚೆಂಡು ಹಾಕಬೇಕು. ನಾನು ಜಗಳ ಬಿಡಿಸಲು "ಇನ್ನೊಂದು ಸಲ ಆಡ್ರೋ" ಅಂದೆ, ಚಿಕ್ಕವನು ಒಪ್ಪಲಿಲ್ಲ. ನಮ್ಮ ಅತ್ತೆ ದೊಡ್ಡವನಿಗೆ "ನೀನು ದೊಡ್ಡವನಲ್ವೇನೋ, ಬಿಟ್ಟುಕೊಡು" ಅಂದರು. ಅವನು "ತಗೋ, ನೀನೇ ಗೆದ್ದೆ ಅಂತ ಇಟ್ಕೋ" ಅಂತ ಬಹುಮಾನದ ಸ್ಟೀಲ್ ಚೊಂಬು ಕೊಟ್ಟ. ಚಿಕ್ಕವನು ರಾತ್ರಿ ಅದನ್ನು ಅಣ್ಣನ ಮಂಚದ ಮೇಲೆ ಇಟ್ಟು ಬಂದಿದ್ದಾನೆ. ಟೇಬಲ್ ಹತ್ತಿರ ಹೋಗುವುದೇ ಬಿಟ್ಟಿದ್ದಾನೆ. ಯಾರದು ಸರಿ?

ಉತ್ತರ: ಅದು ಗೋಲು ತಾಯಿ. ಚಿಕ್ಕವನು ಗೆದ್ದಿದ್ದಾನೆ.

ಅಂತರರಾಷ್ಟ್ರೀಯ ಪಂದ್ಯಗಳ ನಿಯಮ ಈ ವಿಷಯದಲ್ಲಿ ಬಹಳ ಸ್ಪಷ್ಟ. ಗೋಲಿನೊಳಗೆ ಹೋದ ಚೆಂಡು ತಿರುಗಿ ಮೈದಾನಕ್ಕೆ ಬಂದರೂ, ಪುಟಿದು ಟೇಬಲ್ಲಿನಿಂದಾಚೆ ಬಿದ್ದರೂ ಗೋಲು ಗೋಲೇ. ಚೆಂಡು ಒಳಹೊಕ್ಕ ಕ್ಷಣಕ್ಕೆ ಆಟ ನಿಂತುಹೋಯಿತು. ಆಮೇಲೆ ದೊಡ್ಡವನು ಹೊಡೆದದ್ದು ಲೆಕ್ಕಕ್ಕೆ ಬರುವುದಿಲ್ಲ. ಹಳೇ ಟೇಬಲ್‌ಗಳಲ್ಲಿ ಇದು ಆಗುತ್ತಲೇ ಇರುತ್ತದೆ. ಗೋಲಿನ ಹಿಂಬದಿ ಗಟ್ಟಿ ತಗಡು, ಚೆಂಡು ಗಟ್ಟಿ ಪ್ಲಾಸ್ಟಿಕ್ಕು, ನೇರಕ್ಕೆ ಬಿದ್ದ ಜೋರು ಹೊಡೆತ. ಚೆಂಡು ಕೆಳಗಿನ ತೂತಿಗೆ ಇಳಿಯುವ ಮೊದಲೇ ಚಿಮ್ಮಿ ಬರುತ್ತದೆ. ಅಂದರೆ ಚೆಂಡು ವಾಪಸ್ ಬಂದದ್ದು ಹೊಡೆತ ಚೆನ್ನಾಗಿತ್ತು ಎಂಬುದಕ್ಕೆ ಸಾಕ್ಷಿ. ಒಳ್ಳೆಯ ಹೊಡೆತಕ್ಕೆ ಶಿಕ್ಷೆ ಕೊಡುವ ನಿಯಮ ಯಾವ ಆಟದಲ್ಲೂ ಇರಬಾರದು. ಆ ತಗಡಿಗೆ ಒಂದು ತುಂಡು ದಪ್ಪ ಫೋಮ್ ಅಂಟಿಸಿಬಿಡಿ, ಈ ತಕರಾರು ಮತ್ತೆ ಬರುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು, ಯಾಕೆಂದರೆ ಪಿಯುಸಿ ಹುಡುಗ ಇವತ್ತಲ್ಲ ನಾಳೆ ಮೊಬೈಲಿನಲ್ಲಿ ಹುಡುಕಿ ತರುತ್ತಾನೆ. ದೊಡ್ಡ ಪಂದ್ಯಗಳಲ್ಲಿ ಐದರಲ್ಲಿ ಮೂರು ಗೇಮು ಗೆಲ್ಲಬೇಕು, ಗೇಮಿಗೆ ಐದು ಗೋಲು. ಆದರೆ ಐದನೇ ಗೇಮಿಗೆ ಹೋದರೆ ಎರಡು ಗೋಲಿನ ಅಂತರ ಬೇಕು, ಎಂಟು ಗೋಲಿನವರೆಗೂ ಆಡಿಸುತ್ತಾರೆ. ಆ ಲೆಕ್ಕದಲ್ಲಿ 5-4ಕ್ಕೆ ಪಂದ್ಯ ಮುಗಿಯುವುದಿಲ್ಲ. ನಿಮ್ಮ ಮನೆಯಲ್ಲಿ ಮಾತ್ರ ಮುಗಿಯಿತು. ಗೋಡೆಯ ಮೇಲೆ "ಮೊದಲು ಐದು" ಎಂದು ಬರೆದಿದೆ, ನಾಲ್ವರೂ ಅದನ್ನು ಒಪ್ಪಿಕೊಂಡೇ ಲೀಗ್ ಆಡಿದ್ದಾರೆ. ತಾವೇ ಬರೆದುಕೊಂಡ ಮಾತು ಇದ್ದ ಕಡೆ ಅದೇ ನಡೆಯಬೇಕು. ಏನೂ ಬರೆಯದೆ ಬಿಟ್ಟ ಕಡೆ ಮಾತ್ರ ಹೊರಗಿನ ನಿಯಮ ಕೇಳಬೇಕು. ಚೆಂಡು ವಾಪಸ್ ಬಂದರೆ ಏನು ಎಂದು ಅವರು ಬರೆದಿರಲಿಲ್ಲ.

ಈಗ ನಿಮ್ಮ ದೊಡ್ಡ ಮಗನ ಬಗ್ಗೆ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವನ ಒಂದು ಮಾತು. ಅವನು "ಒಳಗೆ ಹೋಗಲೇ ಇಲ್ಲ" ಅನ್ನಲಿಲ್ಲ, "ಒಳಗೆ ನಿಲ್ಲಲಿಲ್ಲ" ಅಂದ. ಆಡುವವರಿಬ್ಬರೂ ಟೇಬಲ್ಲಿನ ಉದ್ದಬದಿಗೆ ನಿಂತಿರುತ್ತಾರೆ, ಗೋಲಿನ ಬಾಯಿ ಇರುವುದು ಅಡ್ಡಬದಿಯಲ್ಲಿ. ಒಳಗಿನ ಕತ್ತಲು ಯಾರಿಗೂ ಪೂರ್ತಿ ಕಾಣದು. ಕಂಬಕ್ಕೆ ಬಡಿದು ಬಂತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ತಮ್ಮನ ಹತ್ತಿರ ಸಾಕ್ಷಿಯೇ ಇರುತ್ತಿರಲಿಲ್ಲ. ನಾಲ್ಕು-ನಾಲ್ಕು ಆಗಿ ಕೈ ಬೆವರುವ ಹೊತ್ತಿನಲ್ಲೂ ಹುಡುಗ ನಡೆದದ್ದನ್ನು ನಡೆದ ಹಾಗೇ ಹೇಳಿದ್ದಾನೆ. ಅವನಿಗೆ ಗೊತ್ತಿರದಿದ್ದದ್ದು ನಿಯಮ. ಇದನ್ನು ಅವನ ಮುಖ ನೋಡಿ ಹೇಳಿ, ತಮ್ಮನೂ ಅಲ್ಲೇ ಇರಲಿ.

ಅತ್ತೆಯವರ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಆಟದಲ್ಲಿ "ದೊಡ್ಡವನು ಬಿಟ್ಟುಕೊಡಲಿ" ಎಂಬ ಮಾತು ಬೇಡ. ಉಂಡೆ ಹಂಚುವಾಗ ಅದು ಸರಿ, ಕಿಟಕಿ ಪಕ್ಕದ ಸೀಟಿಗೂ ಸರಿ. ಗೆಲುವಿಗೆ ಸರಿಯಲ್ಲ. ಏಳನೇ ಕ್ಲಾಸಿನವನು ಪಿಯುಸಿ ಅಣ್ಣನನ್ನು ಎತ್ತರದಲ್ಲಿ ಮೀರಿಸಲಾರ, ಓಟದಲ್ಲಿ ಮೀರಿಸಲಾರ, ಮಾತಿನಲ್ಲೂ ಆಗದು. ಆ ಟೇಬಲ್ಲಿನ ಮೇಲೆ ಮಾತ್ರ ಮಣಿಕಟ್ಟಿನ ಚುರುಕೊಂದೇ ಲೆಕ್ಕ. ಅಲ್ಲಿ ಅವನು ನಿಜವಾಗಿ ಗೆದ್ದಿದ್ದ. ಅದನ್ನೇ ದಾನ ಕೊಟ್ಟ ಹಾಗೆ ಕೊಟ್ಟರೆ ಚೊಂಬು ಕೈಗೆ ಬರುತ್ತದೆ, ಗೆಲುವು ಬರುವುದಿಲ್ಲ. ವಾಪಸ್ ಇಟ್ಟು ಬಂದದ್ದು ಹಟವಲ್ಲ ತಾಯಿ, ಸ್ವಾಭಿಮಾನ. "ಇನ್ನೊಂದು ಸಲ ಆಡಿ" ಅಂದರೂ ಅದೇ ಕಥೆ: ಆಗಿಹೋದ ಗೋಲನ್ನು ಅವನಿಂದ ಮತ್ತೆ ಹೊಡೆಸಿದ ಹಾಗೆ. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದಾಗ ಕಾಮನ್ ರೂಮಿನ ಟೇಬಲ್ಲಿನ ಮುಂದೆ ಇದನ್ನು ದಿನಾ ನೋಡುತ್ತಿದ್ದೆ. ಫೈನಲ್ ಇಯರ್ ಹುಡುಗ "ಹೋಗ್ಲಿ ಬಿಡೋ, ನಿಂದೇ ಅಂತ ಇಟ್ಕೋ" ಅಂದ ಕೂಡಲೇ ಫಸ್ಟ್ ಇಯರ್ ಹುಡುಗನ ಮುಖ ಸಪ್ಪಗಾಗುತ್ತಿತ್ತು. ಅದಕ್ಕೇ ನಿಯಮಗಳನ್ನು ಕನ್ನಡದಲ್ಲಿ ಬರೆಸಿ ಟೇಬಲ್ಲಿನ ಕಾಲಿಗೆ ಕಟ್ಟಿಸಿದ್ದೆ.

ನಿಯಮವನ್ನು ಇಬ್ಬರ ಮುಂದೆ ಓದಿ ಹೇಳಿ. ಲೀಗ್ ಪುಸ್ತಕದಲ್ಲಿ 5-4 ಎಂದು ದೊಡ್ಡವನೇ ತನ್ನ ಕೈಯಾರೆ ಬರೆಯಲಿ. ಗೋಡೆಯ ಚೀಟಿಗೆ ನಾಲ್ಕನೇ ಸಾಲು ಸೇರಿಸಲಿ. ಮುಂದಿನ ರಜೆಗೆ ಎರಡು ಗೋಲಿನ ಅಂತರ ಬೇಕೆಂದರೆ ಇಟ್ಟುಕೊಳ್ಳಲಿ, ಆದರೆ ಮೊದಲ ಪಂದ್ಯಕ್ಕೆ ಮುಂಚೆಯೇ ನಾಲ್ವರೂ ಕೂತು ತೀರ್ಮಾನಿಸಬೇಕು.

ಪ್ರಶ್ನೆ: ನಾನೂ ನನ್ನ ತಮ್ಮನೂ ಬೆಂಗಳೂರಿನಲ್ಲಿ ಒಂದೇ ಕಂಪನಿಯಲ್ಲಿದ್ದೇವೆ. ಊಟದ ಬಿಡುವಿನಲ್ಲಿ ಫೂಸ್‌ಬಾಲ್. ಅವನು ರಾಡನ್ನು ಗಿರ‍್ರನೆ ಸುತ್ತಿ ಗೋಲು ಹೊಡೆಯುತ್ತಾನೆ, "ಎಲ್ಲರೂ ಹೊಡೀತಾರೆ" ಅಂತಾನೆ. ನಿಜಕ್ಕೂ ಇದು ಫೌಲಾ?

ಉತ್ತರ: ಫೌಲು. ಚೆಂಡಿಗೆ ಹೊಡೆಯುವ ಮುಂಚೆಯಾಗಲಿ ಆಮೇಲಾಗಲಿ ರಾಡು ಪೂರ್ತಿ ಒಂದು ಸುತ್ತು, ಅಂದರೆ 360 ಡಿಗ್ರಿ ಮೀರಿ ತಿರುಗಬಾರದು. ಹಾಗೆ ಬಂದ ಗೋಲು ಲೆಕ್ಕಕ್ಕಿಲ್ಲ. ಯಾರೂ ಕೈ ಹಿಡಿಯದ ರಾಡು ಚೆಂಡು ಬಡಿದ ರಭಸಕ್ಕೆ ತಾನೇ ತಿರುಗಿದರೆ ಮಾತ್ರ ತಪ್ಪಲ್ಲ.

ನಿಯಮಕ್ಕಿಂತ ದೊಡ್ಡ ಕಾರಣ ಒಂದಿದೆ. ಸುತ್ತುವವನಿಗೆ ಚೆಂಡು ಎಲ್ಲಿಗೆ ಹೋಗುತ್ತದೆ ಎಂಬುದು ತನಗೇ ತಿಳಿದಿರುವುದಿಲ್ಲ. ಈ ಆಟದ ಸೊಗಸೆಲ್ಲ ಚೆಂಡನ್ನು ಗೊಂಬೆಯ ಕಾಲಡಿಗೆ ತಂದು ನಿಲ್ಲಿಸುವುದರಲ್ಲಿದೆ. ನಿಮ್ಮ ತಮ್ಮನಿಗೆ ಪುಲ್ ಶಾಟ್ ಕಲಿಸಿ. ಮುಂದಿನ ಮೂರು ಗೊಂಬೆಯ ರಾಡಿನಲ್ಲಿ ನಡುವಿನ ಗೊಂಬೆಯ ಪಕ್ಕಕ್ಕೆ ಚೆಂಡು ಇಟ್ಟುಕೊಂಡು, ರಾಡನ್ನು ತನ್ನ ಕಡೆಗೆ ಸರ‍್ರನೆ ಎಳೆಯಬೇಕು. ಎದುರಾಳಿಯ ಗೋಲು ಕಾಯುವ ಗೊಂಬೆ ಹಿಂದೆ ಉಳಿದು ಸಂದು ಕಂಡ ಕ್ಷಣ ಮಣಿಕಟ್ಟು ತಿರುಗಿಸಿ ಹೊಡೆಯಬೇಕು. ಒಂದು ತಿಂಗಳು ಕೈಗೆ ಬರುವುದಿಲ್ಲ, ಬಂದ ಮೇಲೆ ಅವನು ಸುತ್ತುವುದನ್ನು ತಾನಾಗೇ ಬಿಡುತ್ತಾನೆ.

ಹಾಗೆಂದು ಚೆಂಡು ಹಿಡಿದುಕೊಂಡು ಕೂರುವಂತಿಲ್ಲ. ನಡುವಿನ ಐದು ಗೊಂಬೆಯ ರಾಡಿನಲ್ಲಿ 10 ಸೆಕೆಂಡು, ಉಳಿದ ಕಡೆ 15 ಸೆಕೆಂಡು ಮಾತ್ರ.

ಪ್ರಶ್ನೆ: ಈ ಆಟ ಕಂಡುಹಿಡಿದವರು ಯಾರು? ನಮ್ಮ ಮೇಷ್ಟ್ರು ಇಂಗ್ಲೆಂಡ್ ಅಂತಾರೆ, ಅಣ್ಣ ಸ್ಪೇನ್ ಅಂತಾನೆ. (ಒಂಬತ್ತನೇ ತರಗತಿ, ಶಿವಮೊಗ್ಗ)

ಉತ್ತರ: ಇಬ್ಬರ ಮಾತಿಗೂ ಆಧಾರವಿದೆ ಮರಿ. ಇಂಗ್ಲೆಂಡಿನ ಹೆರಾಲ್ಡ್ ಥಾರ್ನ್‌ಟನ್ 1921ರಲ್ಲಿ ಟೇಬಲ್ ಫುಟ್‌ಬಾಲಿನ ಪೇಟೆಂಟಿಗೆ ಅರ್ಜಿ ಹಾಕಿದರು, 1923ರಲ್ಲಿ ಅದು ಮಂಜೂರಾಯಿತು. ಸ್ಪೇನಿನವರು ಹೇಳುವ ಹೆಸರು ಅಲೆಹಾಂಡ್ರೋ ಫಿನಿಸ್ಟೆರೆ. ಅಲ್ಲಿ ಅಂತರ್ಯುದ್ಧ ನಡೆಯುತ್ತಿದ್ದ 1936ರಲ್ಲಿ ಮ್ಯಾಡ್ರಿಡ್ ಮೇಲೆ ಬಿದ್ದ ಬಾಂಬಿನಿಂದ ಗಾಯಗೊಂಡು ಆಸ್ಪತ್ರೆ ಸೇರಿದ ಹದಿಹರೆಯದ ಹುಡುಗ ಅವರು. ಅಲ್ಲಿ ತಮ್ಮಂತೆಯೇ ಗಾಯಗೊಂಡು, ಇನ್ನು ಫುಟ್‌ಬಾಲ್ ಆಡಲಾಗದ ಮಕ್ಕಳನ್ನು ಕಂಡರು. ಕೂತೇ ಆಡುವ ಫುಟ್‌ಬಾಲ್ ಯಾಕಾಗಬಾರದು ಎಂದು ಯೋಚಿಸಿ, ಪರಿಚಯದ ಬಡಗಿಯೊಬ್ಬರಿಂದ ಟೇಬಲ್ ಮಾಡಿಸಿದರು. 1937ರಲ್ಲಿ ಬಾರ್ಸಿಲೋನಾದಲ್ಲಿ ಪೇಟೆಂಟ್ ಪಡೆದರು. ಯುದ್ಧದಿಂದ ತಪ್ಪಿಸಿಕೊಂಡು ಪಿರಿನೀಸ್ ಬೆಟ್ಟ ದಾಟಿ ಫ್ರಾನ್ಸಿಗೆ ಹೋಗುವಾಗ ಮಳೆಯಲ್ಲಿ ಆ ಕಾಗದ ಹಾಳಾಯಿತೆಂದು ಅವರೇ ಹೇಳುತ್ತಿದ್ದರು. ಮೊದಲ ಕಾಗದ ಇಂಗ್ಲೆಂಡಿನದು, ಹಾಗಾಗಿ ನಿನ್ನ ಮೇಷ್ಟ್ರಿಗೆ ಒಂದು ಅಂಕ ಹೆಚ್ಚು. ಆದರೆ ಆಸ್ಪತ್ರೆಯ ಮಕ್ಕಳಿಗಾಗಿ ಈ ಆಟ ನೆನೆದ ಆ ಹುಡುಗನ ಮೇಲೆ ನನಗೆ ಪ್ರೀತಿ ಹೆಚ್ಚು.

ಇವತ್ತು ಈ ಆಟದ ಅಂತರರಾಷ್ಟ್ರೀಯ ಒಕ್ಕೂಟವಿದೆ, ಶುರುವಾದದ್ದು 2002ರಲ್ಲಿ. ದೇಶಕ್ಕೊಂದು ತರಹದ ಟೇಬಲ್. ಫ್ರಾನ್ಸಿನ ಬೊಂಜಿನಿ ಟೇಬಲ್ಲಿನಲ್ಲಿ ಬೆಂಡಿನ (ಕಾರ್ಕ್) ಚೆಂಡು, ಅದು ಮೆತ್ತಗೆ ಕಾಲಿಗೆ ಅಂಟಿಕೊಂಡಂತೆ ಬರುತ್ತದೆ. ಅಮೆರಿಕದ ಟೊರ್ನಾಡೋದಲ್ಲಿ ಗಟ್ಟಿ ಚೆಂಡು.

ಪ್ರಶ್ನೆ: ನಾವು ಮೂವರು ಅಣ್ಣತಮ್ಮಂದಿರು, ಜೊತೆಗೆ ಪಕ್ಕದ ಮನೆಯವನು. ನಮ್ಮ ಕೊನೇ ತಮ್ಮ ಯಾವಾಗಲೂ ಸೋತು ಅಳುತ್ತಾನೆ. ಅವನನ್ನೂ ಲೀಗ್‌ನಲ್ಲಿ ಇಟ್ಟುಕೊಳ್ಳೋದು ಹೇಗೆ?

ಉತ್ತರ: ಡಬಲ್ಸ್ ಲೀಗ್ ಮಾಡಿ. ಒಬ್ಬ ಹಿಂದಿನ ಎರಡು ರಾಡು, ಒಬ್ಬ ಮುಂದಿನ ಎರಡು. ಜೋಡಿ ಖಾಯಂ ಬೇಡ, ಪ್ರತಿ ಪಂದ್ಯಕ್ಕೂ ಜೋಡಿ ಬದಲಾಗಲಿ, ಗೆದ್ದ ಜೋಡಿಯ ಇಬ್ಬರಿಗೂ ತಲಾ ಒಂದು ಅಂಕ ಬರೆದುಕೊಳ್ಳಿ. ಆಗ ನಿಮ್ಮಲ್ಲಿ ಪ್ರತಿಯೊಬ್ಬನೂ ಒಂದಲ್ಲ ಒಂದು ಪಂದ್ಯದಲ್ಲಿ ಕೊನೇ ತಮ್ಮನ ಜೊತೆಗಾರನೇ. ಅವನನ್ನು ಮುಂದೆ ನಿಲ್ಲಿಸಿ, ಗೋಲು ಹೊಡೆಯುವ ಸುಖ ಅವನಿಗೆ ಸಿಗಲಿ. ಹಿಂದೆ ನಿಂತು ಕಾಯುವುದು ಕಷ್ಟದ ಕೆಲಸ, ಅದನ್ನು ದೊಡ್ಡವರು ಮಾಡಿ. ಜಾಗ ಅದಲುಬದಲು ಮಾಡುವುದಿದ್ದರೆ ಗೋಲಾದ ಮೇಲೆ ಅಥವಾ ಟೈಮ್‌ಔಟ್‌ನಲ್ಲಿ ಮಾತ್ರ, ಚೆಂಡು ಓಡುವಾಗ ಅಲ್ಲ. ಅವನು ಚಿಕ್ಕವನೆಂದು ಯಾರೂ ಬೇಕೆಂದೇ ಗೋಲು ಬಿಡಬೇಡಿ. ಅವನಿಗೆ ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ರಾಡು ಬಿಗಿಯಾಗಿದೆ. ಕೊಬ್ಬರಿ ಎಣ್ಣೆ ಹಾಕಬಹುದೇ?

ಉತ್ತರ: ಬೇಡ. ಧೂಳು ಕೂತು ಅಂಟಾಗುತ್ತದೆ, ಚಳಿಗೆ ಹೆಪ್ಪುಗಟ್ಟುತ್ತದೆ. ಮೊದಲು ಒಣಬಟ್ಟೆಯಲ್ಲಿ ರಾಡು ಒರೆಸಿ. ಆಮೇಲೆ ರಾಡು ಟೇಬಲ್ಲಿನೊಳಗೆ ಹೋಗುವ ಜಾಗದಲ್ಲಿ, ಹೊರಗಿನಿಂದ, ಎರಡು ಹನಿ ಸಿಲಿಕೋನ್ ಎಣ್ಣೆ ಬಿಟ್ಟು, ಹಿಂದೆ ಮುಂದೆ ಆಡಿಸಿ, ಉಳಿದದ್ದನ್ನು ಒರೆಸಿಬಿಡಿ. ಮೈದಾನದ ಮೇಲೆ ಒಂದು ಹನಿಯೂ ಬೀಳಬಾರದು.