ಮಾಸ್ತರರೇ, ಸುರಬಾಯಾಕ್ಕೇ ಹೋಗಿ ಬನ್ನಿ

ಬೆಳಗಾವಿಯ ನಿವೃತ್ತ ಮಾಸ್ತರರೊಬ್ಬರ ಪತ್ರ: "ನಾನು, ನನ್ನ ಹೆಂಡತಿ ಇಂಡೋನೇಷ್ಯಾಕ್ಕೆ ಹೋಗಬೇಕೆಂದಿದ್ದೇವೆ. ಬಾಲಿ ಪ್ಯಾಕೇಜ್ ತಗೊಳ್ಳಿ, ಸುಮ್ನೆ ತೊಂದರೆ ಬೇಡ ಎನ್ನುತ್ತಾನೆ ಮಗ. ನನಗೆ ಸುರಬಾಯಾ ನೋಡುವ ಆಸೆ. ಬಂದರು ಊರಲ್ಲಿ ನೋಡೋಕೆ ಏನಿದೆ ಎಂದು ಅವನು ನಗುತ್ತಾನೆ. ಪಿಂಚಣಿ ದುಡ್ಡಿನಲ್ಲಿ ಆಗುತ್ತದೆಯೇ? ನಾವು ಸಸ್ಯಾಹಾರಿಗಳು ಬೇರೆ."

ಉತ್ತರ: ಮಗ ಹೇಳೋದರಲ್ಲೂ ಅರ್ಥ ಇದೆ. ಪ್ಯಾಕೇಜಾದರೆ ಗಾಡಿ ಬಾಗಿಲಿಗೇ ಬರುತ್ತೆ, ಮಂಡಿ ನೋವಿದ್ದವರಿಗೆ ಅದೇ ಸರಿ. ಸುರಬಾಯಾದ ಸೆಕೆಯೂ ಸುಳ್ಳಲ್ಲ. ಅವನ ಪರ ಇಷ್ಟು ಸಾಕು.

ಮೊದಲು ಹೆಸರು. ಸುರ ಅಂದರೆ ಶಾರ್ಕ್ ಮೀನು, ಬುವಾಯ ಅಂದರೆ ಮೊಸಳೆ, ಅವೆರಡೂ ಜಗಳಾಡಿದ ಜಾಗ ಅಂತ ಅಲ್ಲಿಯವರು ಕತೆ ಹೇಳುತ್ತಾರೆ, ಮೃಗಾಲಯದ ಮುಂದೆ ಎರಡರ ಮೂರ್ತಿಯನ್ನೂ ನಿಲ್ಲಿಸಿದ್ದಾರೆ. ಇನ್ನು ಕೆಲವರು ಅಪಾಯಕ್ಕೆ ಎದೆಕೊಟ್ಟವನ ಊರು ಎನ್ನುತ್ತಾರೆ. ನಮ್ಮ ಶೂರ, ನಮ್ಮ ಭಯ! ಅಲ್ಲಿ ಭಾಷೆಗೆ ಬಹಾಸ, ಗಂಡನಿಗೆ ಸುವಾಮಿ, ಹೆಂಡತಿಗೆ ಇಸ್ತ್ರಿ, ಮಾಸ್ತರರಿಗೆ ಗುರು.

ದುಡ್ಡಿಗೆ ಹೆದರಬೇಡಿ. ವೀಸಾ ವಿಮಾನ ನಿಲ್ದಾಣದಲ್ಲೇ ಸಿಗುತ್ತೆ, ತಲೆಗೆ 5 ಲಕ್ಷ ರುಪಿಯಾ. ಲಕ್ಷ ಅಂತ ಬೆಚ್ಚಬೇಡಿ, ನಮ್ಮ ಮೂರು ಸಾವಿರದ ಆಸುಪಾಸು. ಆಮೇಲೆ ಖರ್ಚು ಕಮ್ಮಿ, ಯಾಕೆಂದರೆ ನೋಡಬೇಕಾದ ಸುಮಾರು ಜಾಗ ಕಾಲ್ನಡಿಗೆಯಲ್ಲೇ ಮುಗಿಯುತ್ತೆ. ಆಂಪೆಲ್ ಮಸೀದಿಯ ಸುತ್ತ ಅರಬ್ಬರ ಓಣಿಗಳು, ಖರ್ಜೂರ, ಅತ್ತರು. ಅಲ್ಲಿಂದ ಚೀನೀಯರ ಕೆಂಬಾಂಗ್ ಜೆಪುನ್ ಬೀದಿ. ಅದರಾಚೆ ನದಿಗೆ ಕೆಂಪು ಸೇತುವೆ, ದಾಟಿದರೆ ಡಚ್ಚರ ಹಳೇ ಕಟ್ಟಡಗಳು. ಬಸ್ಸೂ ಇದೆ. 2018ರಲ್ಲಿ ಸುರೊಬೊಯೊ ಬಸ್ ಶುರುವಾದಾಗ ಟಿಕೆಟ್ಟಿಗೆ ದುಡ್ಡಲ್ಲ, ಖಾಲಿ ಪ್ಲಾಸ್ಟಿಕ್ ಬಾಟಲಿ ಕೊಡಬೇಕಿತ್ತು! ಮದುರಾ ದ್ವೀಪಕ್ಕೆ 2009ರಲ್ಲಿ 5.4 ಕಿಲೋಮೀಟರಿನ ಸೇತುವೆ ಆಯಿತು, ಪ್ಯಾಕೇಜಿನವರು ಅದರ ಮೇಲೆ ಭರ್ರನೆ ಹೋಗಿ ಫೋಟೋ ತೆಗೀತಾರೆ. ನೀವು ಹಳೇ ಫೆರಿ ಹತ್ತಿ. ಪುಡಿಗಾಸಿನ ಟಿಕೆಟ್ಟು, ಅರ್ಧ ಗಂಟೆ ದಾರಿ, ಇಡೀ ಬಂದರು ಕಣ್ಮುಂದೆ.

ಊಟಕ್ಕೆ ವಾರುಂಗ್ ಅನ್ನೋ ಗೂಡಂಗಡಿಗಳು. ಪೆಚೆಲ್, ಗಾದೋ ಗಾದೋ ಎಂದರೆ ಬೇಯಿಸಿದ ತರಕಾರಿ ಮೇಲೆ ಶೇಂಗಾ ಗೊಜ್ಜು, ಜೊತೆಗೆ ಸೋಯಾ ಕಾಳಿನ ತೆಂಪೆ. ಶೇಂಗಾ ಚಟ್ನಿ ತಿಂದು ಬೆಳೆದವರು ನೀವು, ಒಗ್ಗುತ್ತೆ. "ತನ್ಪಾ ತೆರಾಸಿ" ಎಂದು ಮಾತ್ರ ಹೇಳಲೇಬೇಕು, ತೆರಾಸಿ ಅಂದರೆ ಸಿಗಡಿ ಗೊಜ್ಜು, ತನ್ಪಾ ಅಂದರೆ ಅದಿಲ್ಲದೆ. ರುಜಾಕ್ ಚಿಂಗುರ್ ಅಂತೂ ಬೇಡವೇ ಬೇಡ, ಅದರಲ್ಲಿ ದನದ ಮೂತಿ ಇರುತ್ತೆ.

ಇನ್ನು ನಿಮಗೆ ಸ್ವಲ್ಪ ಬೈಗುಳ. ಬೆಳಗಾವಿಯವರಾಗಿ ಸುರಬಾಯಾದಲ್ಲಿ ಏನಿದೆ ಅನ್ನೋ ಮಗನಿಗೆ ಉತ್ತರ ಕೊಡದೆ ನನಗೆ ಬರೆದಿರಲ್ಲ? 1945ರ ಅಕ್ಟೋಬರಿನಲ್ಲಿ ಬ್ರಿಟಿಷರು ಅಲ್ಲಿಗಿಳಿಸಿದ್ದು 49ನೇ ಭಾರತೀಯ ಬ್ರಿಗೇಡನ್ನು. ಅದರಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯವರಿದ್ದರು, ನಿಮ್ಮ ಕ್ಯಾಂಪಿನ ರೆಜಿಮೆಂಟು! ಅಕ್ಟೋಬರ್ 30ರಂದು ಅವರ ಬ್ರಿಗೇಡಿಯರ್ ಮಲ್ಲಬಿ ಸತ್ತದ್ದು ಅದೇ ಕೆಂಪು ಸೇತುವೆ ಹತ್ತಿರ. ನವೆಂಬರ್ 10ಕ್ಕೆ 5ನೇ ಭಾರತೀಯ ಡಿವಿಷನ್ ಊರಿನ ಮೇಲೆ ಬಿತ್ತು. ಸ್ವಾತಂತ್ರ್ಯಕ್ಕೆ ಕಾದು ಕೂತ ನಮ್ಮ ಹುಡುಗರು, ಆಗಷ್ಟೇ ಸ್ವಾತಂತ್ರ್ಯ ಘೋಷಿಸಿಕೊಂಡವರ ಮೇಲೆ ಬಂದೂಕು ಹಿಡಿಯಬೇಕಾಯಿತು. ನಮ್ಮವರಲ್ಲೇ ಕೆಲವರು ಇಂಡೋನೇಷ್ಯಾದವರ ಕಡೆಗೆ ಹೋದರು. ನವೆಂಬರ್ 10 ಅಲ್ಲಿ ವೀರರ ದಿನ, ನೆನಪಿಗೆ ತುಗು ಪಹ್ಲಾವನ್ ಸ್ತಂಭ ಇದೆ. ನಮ್ಮಲ್ಲಿ? ನಾನು ಓದಿದ ಯಾವ ಪಠ್ಯದಲ್ಲೂ ಒಂದು ಸಾಲು ಇರಲಿಲ್ಲ.

ನನ್ನ ಹೊಟ್ಟೆಯುರಿ ಅದೇ. ಪಠ್ಯ ಹೇಳಲ್ಲ, ಟೂರಿನವರು ತೋರಿಸಲ್ಲ. ಬಾಲಿಗೆ ಹೋಗಿ ಬಂದ ನೆಂಟರೊಬ್ಬರನ್ನು ಏನು ನೋಡಿದಿರಿ ಅಂತ ಕೇಳಿದೆ, ಮೂರನೇ ದಿನ ಸಿಕ್ಕ ಪೂರಿ ಪಲ್ಯದ ಬಗ್ಗೆ ಕಾಲು ಗಂಟೆ ಹೇಳಿದರು. ಲಕ್ಷ ಸುರಿದು ಪಲ್ಯ ತಿನ್ನೋಕೆ ಸಮುದ್ರ ದಾಟಬೇಕಾ?

ಮಳೆ ಅಲ್ಲಿ ನವೆಂಬರಿನ ಹೊತ್ತಿಗೇ ಶುರುವಾಗುತ್ತೆ, ಮೇಯಿಂದ ಸೆಪ್ಟೆಂಬರ್ ಒಳ್ಳೇ ಕಾಲ ಅಂತ ಎಲ್ಲರೂ ಹೇಳುತ್ತಾರೆ. ಆದರೂ ನೀವು ನವೆಂಬರ್ 10ಕ್ಕೇ ಅಲ್ಲಿರಿ. ಕೊಡೆ ಮನೆಯಿಂದಲೇ ಒಯ್ಯಿರಿ, ಬೆಳಗಾವಿ ಮಳೆ ಕಂಡ ಕೊಡೆ ಅಲ್ವಾ, ತಡೆಯುತ್ತೆ.