ಠಾಣೆಯ ಖರ್ಚಿಗೆ ಊರಿನ ವಂತಿಗೆ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಿಂದ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ತಮ್ಮ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಪ್ರಕಟಿಸಬಾರದೆಂದು ಕೋರಿದ್ದಾರೆ. ಅವರ ಊರಿನ ಪೊಲೀಸ್ ಠಾಣೆ ವರ್ಷಾಂತ್ಯದಲ್ಲಿ ನಾಗರಿಕರ ಸಭೆ ಕರೆದು, ವರ್ಷವಿಡೀ ತಾನು ಮಾಡಿದ ಕೆಲಸವನ್ನು ಓದಿ ಹೇಳಿತಂತೆ. ಕಳೆದುಹೋಗಿದ್ದ ಮೊಬೈಲುಗಳನ್ನು ಹುಡುಕಿ ವಾರಸುದಾರರಿಗೆ ಕೊಟ್ಟದ್ದು, ಮನೆ ಬಿಟ್ಟುಹೋಗಿದ್ದ ಹುಡುಗನನ್ನು ಕರೆತಂದದ್ದು, ಮಳೆಗಾಲದಲ್ಲಿ ಹೊಳೆಯ ಪಾಲಾದವರ ಶವಗಳಿಗಾಗಿ ದಿನಗಟ್ಟಲೆ ದಂಡೆಯಲ್ಲಿ ಕಾದದ್ದು, ಜಾತ್ರೆಯನ್ನು ಗಲಾಟೆಯಿಲ್ಲದೆ ಮುಗಿಸಿಕೊಟ್ಟದ್ದು ಆ ಪಟ್ಟಿಯಲ್ಲಿವೆ. ಜೀಪು ಹಳೆಯದು, ಡೀಸೆಲ್ ತಿಂಗಳ ಕೊನೆಯವರೆಗೆ ಬರುವುದಿಲ್ಲ, ಮಂಜೂರಾದ ಹುದ್ದೆಗಳೆಲ್ಲ ಭರ್ತಿಯಾಗಿಲ್ಲ. ಪತ್ರದ ಕೊನೆಯಲ್ಲಿ ಎರಡು ಪ್ರಶ್ನೆಗಳಿವೆ. ಪತ್ರಿಕೆಗಳು ಪೊಲೀಸರ ಲಂಚ ಮತ್ತು ದೌರ್ಜನ್ಯವನ್ನಷ್ಟೇ ಏಕೆ ಬರೆಯುತ್ತವೆ? ವರ್ತಕರನ್ನು ಸೇರಿಸಿಕೊಂಡು ವಂತಿಗೆ ಎತ್ತಿ ಠಾಣೆಗೆ ಒಂದು ವಾಹನವನ್ನೂ ಕ್ಯಾಮೆರಾಗಳನ್ನೂ ಕೊಡಿಸಬೇಕೆಂದಿದ್ದೇವೆ, ಇದು ಸರಿಯೇ?

ಸಂಪಾದಕರ ಉತ್ತರ:

ಮಾನ್ಯರೇ, ಇಂಥ ಸಭೆಯಲ್ಲಿ ಕೊನೆಯವರೆಗೆ ಕುಳಿತು, ಕೇಳಿದ್ದನ್ನು ಬರೆದುಕೊಂಡು, ಅದರ ಬಗ್ಗೆ ಯೋಚಿಸಿ ಪತ್ರ ಬರೆಯುವ ನಾಗರಿಕರು ಪ್ರತಿ ತಾಲ್ಲೂಕಿಗೆ ಹತ್ತು ಮಂದಿ ಇದ್ದರೆ ನಮ್ಮ ಸಣ್ಣ ಊರುಗಳ ಆಡಳಿತದ ಸ್ವರೂಪವೇ ಬೇರೆಯಾಗಿರುತ್ತಿತ್ತು. ನಿಮ್ಮ ಮೊದಲ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. ಪೊಲೀಸರ ತಪ್ಪನ್ನು ಬರೆಯುವುದು ಪತ್ರಿಕೆಯ ಕರ್ತವ್ಯ, ಅದನ್ನು ಬಿಡಲಾಗದು. ಲಾಕಪ್ಪಿನಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಡೀಸೆಲಿನ ಕೊರತೆಯ ಕಥೆ ಹೇಳಲು ಯಾರಿಗೂ ಬಾಯಿ ಬರಬಾರದು. ಪ್ರತಿ ಠಾಣೆಯಲ್ಲಿ ಸಿಸಿಟಿವಿ ಇರಬೇಕು, ಅದರ ದೃಶ್ಯಗಳನ್ನು ಕನಿಷ್ಠ ಒಂದು ವರ್ಷವಾದರೂ ಕಾಪಾಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದ್ದು ಸುಮ್ಮನೆ ಅಲ್ಲ. ಅಷ್ಟನ್ನು ಒಪ್ಪಿದ ಮೇಲೆ, ನನ್ನ ಮನಸ್ಸು ನಿಮ್ಮ ಕಡೆಗೇ ವಾಲುತ್ತದೆ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಸಣ್ಣ ಊರಿನ ಠಾಣೆಯ ಕೆಲಸದಲ್ಲಿ ಬಹುಪಾಲು ಅಪರಾಧದ ಅಂಕಿಅಂಶಗಳಲ್ಲಿ ಕಾಣಿಸುವುದೇ ಇಲ್ಲ. ಬಾವಿಗೆ ಬಿದ್ದವರು, ನೇಣು ಹಾಕಿಕೊಂಡವರು, ಬಸ್ ನಿಲ್ದಾಣದಲ್ಲಿ ಅನಾಥರಾಗಿ ಸತ್ತವರು ಯುಡಿಆರ್ ಎಂಬ ಅಸ್ವಾಭಾವಿಕ ಸಾವಿನ ಕಡತಕ್ಕೆ ಸೇರುತ್ತಾರೆ. ಅಂಥ ಪ್ರತಿ ಕಡತದ ಹಿಂದೆ ಶವವನ್ನು ಮೇಲೆತ್ತುವವರ ಕೂಲಿ, ಆಸ್ಪತ್ರೆಗೆ ಸಾಗಿಸುವ ವಾಹನದ ಬಾಡಿಗೆ, ಪಂಚರಿಗೆ ಚಹಾ, ವಾರಸುದಾರರಿಲ್ಲದಿದ್ದರೆ ಬಿಳಿ ಬಟ್ಟೆ ಮತ್ತು ಗುಂಡಿ ತೋಡುವವರ ಹಣ ಇರುತ್ತವೆ. ನಾನು ಜಿಲ್ಲಾ ವರದಿಗಾರನಾಗಿದ್ದ ಕಾಲದಲ್ಲಿ, ರೈಲು ಹಳಿಯ ಬದಿಯಲ್ಲಿ ಸಿಕ್ಕ ಗುರುತಿಲ್ಲದ ಮುದುಕನೊಬ್ಬನ ಶವಸಂಸ್ಕಾರಕ್ಕೆ ಒಬ್ಬ ಹೆಡ್ ಕಾನ್‌ಸ್ಟೆಬಲ್ ತನ್ನ ಜೇಬಿನಿಂದ ಹಣ ತೆಗೆದು ಕೊಟ್ಟದ್ದನ್ನು ನೋಡಿದ್ದೇನೆ. ಬಿಲ್ಲು ಬರೆದರೆ ಹಣ ಬರುತ್ತದಲ್ಲವೇ ಎಂದು ಕೇಳಿದೆ. ಬರಬಹುದು ಸಾರ್, ಆದರೆ ಹೆಣ ಅಲ್ಲಿಯವರೆಗೆ ಕಾಯುವುದಿಲ್ಲ ಎಂದರು.

ಇನ್ನು ಬಂದೋಬಸ್ತಿನ ಮಾತು. ನಿಮ್ಮ ಊರಿನ ಠಾಣೆಯಲ್ಲಿ ಕಾಗದದ ಮೇಲಿರುವ ಸಿಬ್ಬಂದಿ ವರ್ಷದ ಎಷ್ಟು ದಿನ ನಿಮ್ಮ ಊರಿನಲ್ಲಿರುತ್ತಾರೆಂದು ಕೇಳಿ ನೋಡಿ. ಮೈಸೂರಿನ ದಸರೆಗೆ ಒಂದು ತಂಡ ಹೋಗಬೇಕು. ಹಾಸನಾಂಬೆಯ ಬಾಗಿಲು ತೆರೆದರೆ ಅಲ್ಲಿಗೆ, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆ ಜಾತ್ರೆ ಬಂದರೆ ಅಲ್ಲಿಗೆ, ಚಳಿಗಾಲದ ಅಧಿವೇಶನಕ್ಕಾಗಿ ಬೆಳಗಾವಿಗೆ. ಸುವರ್ಣ ವಿಧಾನಸೌಧದೊಳಗೆ ಉತ್ತರ ಕರ್ನಾಟಕದ ಅಭಿವೃದ್ಧಿಯ ಚರ್ಚೆ ನಡೆಯುವಾಗ ಹೊರಗೆ ಕಾವಲಿಗೆ ನಿಂತವರಲ್ಲಿ ಯಾವ ಯಾವುದೋ ತಾಲ್ಲೂಕುಗಳ ಠಾಣೆಗಳನ್ನು ಅರ್ಧ ಬರಿದು ಮಾಡಿ ಬಂದವರಿರುತ್ತಾರೆ. ಊರಿನಲ್ಲಿ ಉಳಿದವರು ಸಮನ್ಸ್ ಜಾರಿ ಮಾಡಬೇಕು, ಆರೋಪಿಯನ್ನು ಕೋರ್ಟಿಗೆ ಕರೆದೊಯ್ಯಬೇಕು, ಸಂಗ್ರಹಿಸಿದ ಮಾದರಿಗಳನ್ನು ದಾವಣಗೆರೆಗೋ ಮಂಗಳೂರಿಗೋ ಬೆಂಗಳೂರಿನ ಮಡಿವಾಳಕ್ಕೋ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕೊಂಡೊಯ್ದು ಕೊಡಬೇಕು, ರಾತ್ರಿ ಗಸ್ತಿಗೂ ಅವರೇ ಹೋಗಬೇಕು.

ಕೇಂದ್ರದ ಪೊಲೀಸ್ ಸಂಶೋಧನಾ ಮತ್ತು ಅಭಿವೃದ್ಧಿ ಸಂಸ್ಥೆಗಾಗಿ 2014ರಲ್ಲಿ ನಡೆದ ಅಧ್ಯಯನವು, ದೇಶದ ಠಾಣಾ ಸಿಬ್ಬಂದಿಯಲ್ಲಿ ಸುಮಾರು ಶೇ 90ರಷ್ಟು ಮಂದಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ದುಡಿಯುತ್ತಾರೆಂದು ಹೇಳಿತು. ಕಾಮನ್ ಕಾಸ್ ಮತ್ತು ಲೋಕನೀತಿ ಎಂಬ ಸಂಸ್ಥೆಗಳು ಸೇರಿ 2019ರಲ್ಲಿ ಹೊರತಂದ ವರದಿಯ ಪ್ರಕಾರ ಆ ದುಡಿಮೆಯ ಸರಾಸರಿ 14 ಗಂಟೆ, ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೂ ಇಲ್ಲ. ಬೇರೆ ಯಾವ ಇಲಾಖೆಯಲ್ಲಿ ಹೀಗಿದ್ದರೂ ಸಂಘಟನೆಗಳು ಬೀದಿಗಿಳಿಯುತ್ತಿದ್ದವು. ಪೊಲೀಸರಿಗೆ ಆ ದಾರಿಯನ್ನು ಸಂವಿಧಾನದ 33ನೇ ವಿಧಿ ಮತ್ತು ಪೊಲೀಸ್ ಪಡೆಗಳ ಹಕ್ಕುಗಳನ್ನು ನಿರ್ಬಂಧಿಸುವ 1966ರ ಕಾಯ್ದೆ ಮುಚ್ಚಿವೆ. 2016ರ ಜೂನ್ 4ರಂದು ನಮ್ಮ ರಾಜ್ಯದ ಪೊಲೀಸರು ಸಾಮೂಹಿಕ ರಜೆ ಹಾಕಲು ಹೊರಟಾಗ ಸರ್ಕಾರ ಬೆಚ್ಚಿತು. ಆಮೇಲೆ ಪೊಲೀಸರ ಸಂಬಳವನ್ನು ಪರಿಶೀಲಿಸಲು ಔರಾದಕರ್ ಸಮಿತಿ ಬಂತು. ಅದರ ಶಿಫಾರಸಿನ ಒಂದು ಭಾಗ ವೇತನದಲ್ಲಿ ಕಾಣಿಸಿಕೊಂಡದ್ದು 2019ರಲ್ಲಿ. ರಜೆ ಕೇಳಿದವರಿಗೆ ಮೂರು ವರ್ಷದ ಮೇಲೆ ಸ್ವಲ್ಪ ಸಂಬಳ ಸಿಕ್ಕಿತು, ದುಡಿಮೆಯ ಗಂಟೆಗಳ ಪ್ರಶ್ನೆ ಹಾಗೇ ಉಳಿಯಿತು.

ಕೆಲಸವಂತೂ ಪ್ರತಿ ವರ್ಷ ಬೆಳೆಯುತ್ತಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಶೋಧ ಮತ್ತು ಜಪ್ತಿಯನ್ನು ಧ್ವನಿ ಸಹಿತ ಚಿತ್ರೀಕರಿಸಬೇಕೆನ್ನುತ್ತದೆ. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆನ್ನುತ್ತದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದಲ್ಲಿಗೆ ವಿಧಿವಿಜ್ಞಾನ ತಜ್ಞರು ಬರಬೇಕೆನ್ನುತ್ತದೆ. ಇವೆಲ್ಲ ಒಳ್ಳೆಯ ನಿಯಮಗಳೇ, ಪ್ರಜೆಯ ಪರವಾಗಿ ಇರುವಂಥವು. ಆದರೆ ಚಿತ್ರೀಕರಿಸುವ ಫೋನು ಯಾರದ್ದು, ತಜ್ಞರು ಬರುವವರೆಗೆ ಆ ಜಾಗವನ್ನು ರಾತ್ರಿಯಿಡೀ ಕಾಯುವವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವ ಹೊಣೆ ಕೊನೆಗೆ ಠಾಣೆಯ ಕಡತ ಬರೆಯುವ ರೈಟರ್ ಮೇಜಿನ ಮೇಲೆಯೇ ಬಂದು ಬೀಳುತ್ತದೆ. ಸೈಬರ್ ವಂಚನೆಗೆ 1930ಕ್ಕೆ ಕರೆ ಮಾಡಿ ಎಂದು ಎಷ್ಟು ಪ್ರಚಾರ ಮಾಡಿದರೂ, ಖಾತೆಯ ಹಣ ಕಳೆದುಕೊಂಡ ಅಡಿಕೆ ಬೆಳೆಗಾರ ಮೊದಲು ಓಡಿಬರುವುದು ತನ್ನ ಊರಿನ ಠಾಣೆಗೇ.

ಇನ್ನೊಂದು ವಿಷಯ ನಮ್ಮ ನೆನಪಿನಿಂದ ಜಾರಿಹೋಗಿದೆ. ಹಿಂದೆ ಹಳ್ಳಿಗೆ ಹಳ್ಳಿಯದೇ ಆದ ಕಾವಲಿತ್ತು. ತಳವಾರನಿದ್ದ, ತೋಟಿಯಿದ್ದ, ಪಟೇಲನಿದ್ದ. ಆ ವಂಶಪಾರಂಪರ್ಯದ ಹುದ್ದೆಗಳನ್ನು 1961ರ ಕಾಯ್ದೆ ರದ್ದುಮಾಡಿತು, ಮತ್ತು ಅದು ನ್ಯಾಯವೇ ಆಗಿತ್ತು. ಜಾತಿಗೆ ಅಂಟಿಕೊಂಡ ಬಿಟ್ಟಿ ಚಾಕರಿಯನ್ನು ಉಳಿಸಿಕೊಳ್ಳಬೇಕೆಂದು ಇಂದು ಯಾರೂ ವಾದಿಸಲಾರರು. ಆದರೆ ಊರಿಗೆ ಹೊಸಬ ಬಂದದ್ದು, ಇಬ್ಬರು ದಾಯಾದಿಗಳು ಬೇಲಿಯ ಮೇಲೆ ಕತ್ತಿ ಮಸೆಯುತ್ತಿರುವುದು ಅವರಿಂದ ಠಾಣೆಗೆ ತಲುಪುತ್ತಿತ್ತು. ಅವರ ಜಾಗದಲ್ಲಿ ಸಂಬಳ ಪಡೆಯುವ, ಊರೂರು ತಿರುಗುವ ಬೀಟ್ ಪೊಲೀಸರನ್ನು ಸಾಕಷ್ಟು ಸಂಖ್ಯೆಯಲ್ಲಿ ಕೊಡುವ ಖರ್ಚನ್ನು ಯಾವ ಸರ್ಕಾರವೂ ಪೂರ್ತಿಯಾಗಿ ಹೊರಲಿಲ್ಲ. 2017ರಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಬಂತು, 2025ರ ಜುಲೈನಲ್ಲಿ ‘ಮನೆಮನೆಗೆ ಪೊಲೀಸ್’ ಎಂಬ ಯೋಜನೆ ಬಂತು. ಎರಡರ ಆಶಯವೂ ಒಳ್ಳೆಯದೇ. ಮನೆ ಮನೆಗೆ ಹೋಗಬೇಕಾದವರನ್ನು ದಸರೆಗೂ ಅಧಿವೇಶನಕ್ಕೂ ಎಳೆದುಕೊಂಡ ಮೇಲೆ ಆ ಆಶಯ ಕಾಗದದಲ್ಲೇ ಉಳಿಯುತ್ತದೆ ಎಂಬುದು ನನ್ನ ದೂರು.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ನಿಮ್ಮನ್ನು ಸ್ವಲ್ಪ ಗದರಿಸಲೇಬೇಕಾಗಿದೆ. ವಂತಿಗೆ ಎತ್ತಬೇಡಿ. ನಿಮ್ಮ ಉದ್ದೇಶ ನಿರ್ಮಲವಾದದ್ದು, ಆದರೆ ಆ ಪಟ್ಟಿಯಲ್ಲಿ ಮೊದಲ ದೊಡ್ಡ ಮೊತ್ತ ಬರೆಸುವವರು ಯಾರಿರಬಹುದೆಂದು ಯೋಚಿಸಿ. ರಸ್ತೆಗೆ ಅಡ್ಡ ಇಟ್ಟ ಬ್ಯಾರಿಕೇಡಿನ ಮೇಲೆ ಚಿನ್ನದಂಗಡಿಯ ಹೆಸರನ್ನೋ ಖಾಸಗಿ ಆಸ್ಪತ್ರೆಯ ಹೆಸರನ್ನೋ ನೋಡಿ ನಮ್ಮ ಕಣ್ಣು ಒಗ್ಗಿಹೋಗಿದೆ. ನಾಳೆ ಜೀಪಿನ ದಾನಿ ಮರಳಿನ ಲಾರಿಗಳ ಮಾಲೀಕನಾಗಿರಬಹುದು, ಕ್ಯಾಮೆರಾ ಕೊಡಿಸಿದವರು ಜೂಜಿನ ಕ್ಲಬ್ಬಿನವರಾಗಿರಬಹುದು. ಅವರ ಲಾರಿಯನ್ನು ನಡುರಾತ್ರಿ ತಡೆಯಬೇಕಾದ ಕಾನ್‌ಸ್ಟೆಬಲ್ ಅವರೇ ಕೊಟ್ಟ ಜೀಪಿನಿಂದ ಇಳಿಯಬೇಕಾಗುತ್ತದೆ. ಆತ ಎಷ್ಟೇ ಪ್ರಾಮಾಣಿಕನಾಗಿದ್ದರೂ ನೋಡುವವರ ಕಣ್ಣಿಗೆ ಠಾಣೆ ಆ ದಾನಿಯದಾಗಿಬಿಡುತ್ತದೆ. ವಂತಿಗೆ ಕೊಡಲಾಗದ ಕೂಲಿಯವನು ತನ್ನ ದೂರನ್ನು ಹಿಡಿದು ಆ ಮೆಟ್ಟಿಲು ಹತ್ತಲು ಇನ್ನಷ್ಟು ಹಿಂಜರಿಯುತ್ತಾನೆ. ಲಂಚದ ಬಗ್ಗೆ ಬರೆಯುವಾಗ ನಾವು ಪತ್ರಿಕೆಯವರು ಕೈ ಒಡ್ಡಿದವನನ್ನು ಮಾತ್ರ ಕಾಣುತ್ತೇವೆ. ಶವದ ಬಟ್ಟೆಗೂ ಡೀಸೆಲಿಗೂ ಊರಿನವರ ಕಡೆ ನೋಡುವಂತೆ ಠಾಣೆಯನ್ನು ಇಟ್ಟಿರುವ ವ್ಯವಸ್ಥೆ ಆ ಕೈಗೆ ಮೊದಲ ಅಭ್ಯಾಸ ಮಾಡಿಸುತ್ತದೆ.

ಹಾಗಾದರೆ ಹಣ ಎಲ್ಲಿಂದ ಬರಬೇಕು? ಹೆಲ್ಮೆಟ್ ಇಲ್ಲದವರಿಂದ ವಸೂಲಾಗುವ ದಂಡವೇ ಬೇಕಾದಷ್ಟಿದೆಯಲ್ಲ ಎಂದು ಬಹಳ ಜನ ಹೇಳುತ್ತಾರೆ. ಆ ಹಣ ರಾಜ್ಯದ ಸಂಚಿತ ನಿಧಿಗೆ ಹೋಗುತ್ತದೆ, ಹೋಗಲೇಬೇಕು. ದಂಡದ ಪಾಲು ಠಾಣೆಗೇ ಉಳಿದರೆ ಠಾಣೆ ದಂಡದ ಅಂಗಡಿಯಾಗುತ್ತದೆ. ಸಂವಿಧಾನದ ಏಳನೇ ಅನುಸೂಚಿ ಪೊಲೀಸನ್ನು ರಾಜ್ಯಗಳ ಪಟ್ಟಿಯಲ್ಲಿ ಇಟ್ಟಿದೆ. ಆದ್ದರಿಂದ ಈ ಖರ್ಚಿನ ಹೊಣೆ ನೇರವಾಗಿ ವಿಧಾನಸಭೆಯದು. ಗೃಹ ಇಲಾಖೆಗೆ ಕೊಟ್ಟದ್ದರಲ್ಲಿ ಸಿಂಹಪಾಲು ಸಂಬಳ ಮತ್ತು ಪಿಂಚಣಿಗೆ ಹೋಗುತ್ತದೆ. ಉಳಿದದ್ದು ರಾಜಧಾನಿಯ ನಿಯಂತ್ರಣ ಕೊಠಡಿಗಳನ್ನೂ ಜಿಲ್ಲಾ ಕಚೇರಿಗಳನ್ನೂ ದಾಟಿ ತಾಲ್ಲೂಕಿನ ಠಾಣೆಗೆ ಬರುವಷ್ಟರಲ್ಲಿ ತೆಳುವಾಗಿರುತ್ತದೆ. ಪ್ರತಿ ಠಾಣೆಗೂ ಅದರ ಸರಹದ್ದಿನ ವಿಸ್ತಾರ, ಜಾತ್ರೆಗಳು, ಯುಡಿಆರ್‌ಗಳ ಸಂಖ್ಯೆಯನ್ನು ನೋಡಿ ವರ್ಷದ ಆರಂಭದಲ್ಲೇ ನಿಗದಿಯಾದ, ಠಾಣಾಧಿಕಾರಿಯೇ ಖರ್ಚು ಮಾಡಿ ಸಾರ್ವಜನಿಕವಾಗಿ ಲೆಕ್ಕ ಒಪ್ಪಿಸುವ ಹಣ ಬೇಕು ಎಂಬುದು ನಾನು ವರ್ಷಗಳಿಂದ ಹೇಳುತ್ತಿರುವ ಮಾತು. ನಿಮ್ಮ ಊರಿನ ಠಾಣೆ ಸಭೆ ಕರೆದು ಕೆಲಸದ ಲೆಕ್ಕ ಕೊಟ್ಟಿತು, ಅದಕ್ಕೆ ಆ ಅಧಿಕಾರಿಯನ್ನು ಮನಸಾರೆ ಅಭಿನಂದಿಸುತ್ತೇನೆ. ಅದೇ ಸಭೆಯಲ್ಲಿ ಹಣದ ಲೆಕ್ಕವನ್ನೂ ಓದಿದ್ದರೆ, ವಂತಿಗೆಯ ಯೋಚನೆ ಬರುವ ಮೊದಲೇ ಶಾಸಕರ ಮನೆಯ ದಾರಿ ನಿಮಗೆ ನೆನಪಾಗುತ್ತಿತ್ತು.

ಶಾಸಕರಿಗೆ ಈ ಕಾಳಜಿ ಇಲ್ಲವೆಂದಲ್ಲ. ಆದರೆ ಅವರ ಗಮನ ವರ್ಗಾವಣೆಯ ಮೇಲೆ ಹೆಚ್ಚು. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷದ ಅವಧಿ ಇರಬೇಕು, ತನಿಖೆಯನ್ನು ಕಾನೂನು ಸುವ್ಯವಸ್ಥೆಯ ಕೆಲಸದಿಂದ ಬೇರ್ಪಡಿಸಬೇಕು ಎಂದು ಸುಪ್ರೀಂ ಕೋರ್ಟ್ 2006ರ ಸೆಪ್ಟೆಂಬರ್ 22ರಂದು, ಪೊಲೀಸ್ ಸುಧಾರಣೆಯನ್ನು ಕೋರಿದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಸಬ್ ಇನ್‌ಸ್ಪೆಕ್ಟರ್ ಯಾರಾಗಬೇಕೆಂಬ ಚರ್ಚೆ ನಿಮ್ಮ ಊರಿನ ಪ್ರವಾಸಿ ಮಂದಿರದಲ್ಲಿ ನಡೆಯುವಷ್ಟು ಉತ್ಸಾಹದಿಂದ ಆತನ ಜೀಪಿನ ಡೀಸೆಲ್ ಬಗ್ಗೆ ಎಂದೂ ನಡೆದಿಲ್ಲ.

ನೀವು ಮಾಡಬಹುದಾದ ಕೆಲಸವೊಂದಿದೆ. ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ಅಧೀನ ಘಟಕಗಳಿಗೆ ಹಂಚಿಕೆಯಾದ ಬಜೆಟ್ಟನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಕಳೆದ ವರ್ಷ ನಿಮ್ಮ ಠಾಣೆಗೆ ಇಂಧನ, ವಾಹನ ದುರಸ್ತಿ, ಶವಸಂಸ್ಕಾರ ಮತ್ತು ತನಿಖಾ ವೆಚ್ಚಕ್ಕೆ ಎಷ್ಟು ಹಣ ಬಂತು, ಎಷ್ಟು ಬಿಲ್ಲು ಬಾಕಿ ಇದೆ ಎಂದು ಜಿಲ್ಲಾ ಪೊಲೀಸ್ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಲಿ ಮತ್ತು 150 ಪದಗಳನ್ನು ಮೀರದಿರಲಿ, ನಮ್ಮ ರಾಜ್ಯದ ನಿಯಮ ಹಾಗಿದೆ. ಉತ್ತರ ಬಂದ ಮೇಲೆ ಅದರ ಒಂದು ಪ್ರತಿಯನ್ನು ಬಜೆಟ್ ಅಧಿವೇಶನಕ್ಕೆ ಮೊದಲು ನಿಮ್ಮ ಶಾಸಕರಿಗೆ ಕೊಡಿ, ಇನ್ನೊಂದನ್ನು ನಮಗೆ ಕಳುಹಿಸಿ. ಊರಿನ ಹೆಸರಿಲ್ಲದೆ ಪೂರ್ತಿಯಾಗಿ ಅಚ್ಚುಮಾಡುತ್ತೇವೆ.